ಕೊಲಂಬಿಯಾದ ಹುಡುಗನೊಬ್ಬ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತನಕ ತಲುಪುವುದು ಹೇಗೆ?

ಕೊಲಂಬಿಯಾ ಅಂದರೆ ಫುಟ್‌ಬಾಲ್ ಅಲ್ಲವೇ, ಅಲ್ಲಿನ ಇನ್‌ಫೀಲ್ಡರ್ (ಬೇಸ್‌ಗಳ ಬಳಿ ನಿಂತು ಚೆಂಡು ಹಿಡಿಯುವ ಆಟಗಾರ) ಒಬ್ಬನ ಹಾದಿ ಹೇಗಿರುತ್ತದೆ ಎಂದು ಕೇಳಿದ್ದೀರಿ. ದೇಶದ ಒಳನಾಡಿನ ಮಟ್ಟಿಗೆ ಫುಟ್‌ಬಾಲ್ ನಿಜ. ಆದರೆ ಕೆರಿಬಿಯನ್ ಕರಾವಳಿಯ ಬರಾಂಕಿಯಾ, ಕಾರ್ತಹೇನಾ ಊರುಗಳಲ್ಲಿ ಬೇಸ್‌ಬಾಲ್ ಹುಚ್ಚು ಹಳೆಯದು. 1947ರ ಅಮೆಚೂರ್ ವಿಶ್ವ ಸರಣಿ ನಡೆದದ್ದು ಕಾರ್ತಹೇನಾದಲ್ಲಿ, ಗೆದ್ದದ್ದೂ ಕೊಲಂಬಿಯಾವೇ.

ಈ ಪ್ರಶ್ನೆಗೆ ಎಲ್ಲರೂ ಎಡ್ಗರ್ ರೆಂಟೆರಿಯಾ ಹೆಸರು ಹೇಳುತ್ತಾರೆ. ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ 1997ರ ಏಳನೇ ಪಂದ್ಯವನ್ನು ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಒಂದೇ ಹೊಡೆತದಿಂದ ಫ್ಲೋರಿಡಾ ಮಾರ್ಲಿನ್ಸ್‌ಗೆ ಗೆಲ್ಲಿಸಿಕೊಟ್ಟವರು, 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಗೆದ್ದಾಗ ಸರಣಿಯ ಶ್ರೇಷ್ಠ ಆಟಗಾರರಾದವರು. ಬರಾಂಕಿಯಾದ ಸ್ಟೇಡಿಯಂಗೆ ಅವರದೇ ಹೆಸರಿದೆ. ಆದರೆ ಅವರದು ಅಪರೂಪದ ಪ್ರತಿಭೆ, ಇಪ್ಪತ್ತರ ಆಸುಪಾಸಿನಲ್ಲೇ ಮೇಜರ್ ಲೀಗ್ ಸೇರಿದ್ದರು. ಹಾದಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅದೇ ಊರಿನ ಡೊನೋವನ್ ಸೊಲಾನೊ ಅವರನ್ನು ನೋಡಿ ಎನ್ನುತ್ತೇನೆ. ಜೈಂಟ್ಸ್ ಪಂದ್ಯಗಳನ್ನು ಬಿಡದೆ ನೋಡುವ ನನಗೆ ತುಂಬ ಇಷ್ಟವಾದ ಆಟಗಾರ.

1987ರಲ್ಲಿ ಹುಟ್ಟಿದ ಸೊಲಾನೊ 2005ರಲ್ಲಿ, ಇನ್ನೂ ಹದಿನೇಳರ ಹುಡುಗನಾಗಿದ್ದಾಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಹಾಗೆ ಸಹಿ ಹಾಕಿದವರು ನೇರ ಮೇಜರ್ ಲೀಗ್‌ಗೆ ಹೋಗುವುದಿಲ್ಲ. ಕೆಳಗಿನ ಮೈನರ್ ಲೀಗ್‌ಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಸಂಬಳ ಕಡಿಮೆ, ಊರಿಂದೂರಿಗೆ ಬಸ್ ಪ್ರಯಾಣ. ನಮ್ಮಲ್ಲಿ ವರ್ಷಗಟ್ಟಲೆ ರಣಜಿ ಆಡುತ್ತ ಭಾರತ ತಂಡದ ಕರೆಗೆ ಕಾಯುವವರ ಹಾಗೆ. ಕಾರ್ಡಿನಲ್ಸ್ ಕರೆಯಲೇ ಇಲ್ಲ. 2012ರಲ್ಲಿ ಮಯಾಮಿ ಮಾರ್ಲಿನ್ಸ್ ಅವಕಾಶ ಕೊಟ್ಟಿತು.

ಅವರು ಹೆಚ್ಚಾಗಿ ಆಡಿದ್ದು ಎರಡನೇ ಬೇಸ್‌ನಲ್ಲಿ. ಅಲ್ಲಿಯ ಕೆಲಸ ಎಷ್ಟು ಕಷ್ಟ ಎಂದು ಒಂದೇ ಹೊಡೆತದಲ್ಲಿ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇ ನೋಡಿದರೆ ಗೊತ್ತಾಗುತ್ತದೆ. ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಎಸೆದ ಚೆಂಡು ಹಿಡಿಯಬೇಕು, ಪಾದ ಬೇಸ್ ಮುಟ್ಟಿರಬೇಕು, ಎದುರಾಳಿ ಓಟಗಾರ ಕಾಲ ಬುಡಕ್ಕೇ ಜಾರಿ ಬರುತ್ತಿರುವಾಗ ಮೈ ತಿರುಗಿಸಿ ಮೊದಲನೇ ಬೇಸ್‌ಗೆ ಎಸೆಯಬೇಕು. ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ. ಶಾರ್ಟ್‌ಸ್ಟಾಪ್, ಮೂರನೇ ಬೇಸ್ ಯಾವುದಾದರೂ ಸರಿ, ನಿಲ್ಲಿಸಿದ ಕಡೆ ನಿಲ್ಲುತ್ತಿದ್ದರು. ಇಂಥವರು ತಂಡಕ್ಕೆ ಬೇಕೇ ಬೇಕು, ಆದರೂ ಮೊದಲು ಕೈಬಿಡುವುದೂ ಇವರನ್ನೇ.

ಆದದ್ದೂ ಅದೇ. ಮಾರ್ಲಿನ್ಸ್ ಬಿಟ್ಟ ಮೇಲೆ 2016ರಲ್ಲಿ ಯಾಂಕೀಸ್ ತಂಡಕ್ಕೆ ಕೆಲವೇ ಪಂದ್ಯ. 2017, 2018 ಎರಡು ವರ್ಷ ಪೂರ್ತಿ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವಿಲ್ಲ. ದೇಶ ದೇಶಗಳ ನಡುವಿನ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ 2017ರಲ್ಲಿ ಮೊದಲ ಬಾರಿಗೆ ಆಡಿದ ಕೊಲಂಬಿಯಾ, ಅಮೆರಿಕಕ್ಕೆ ಬೆವರಿಳಿಸಿ ಹತ್ತು ಇನ್ನಿಂಗ್ಸ್‌ಗಳಲ್ಲಿ 3-2ರಿಂದ ಸೋತಿತು. ಆ ತಂಡದಲ್ಲಿ ಸೊಲಾನೊ ಇದ್ದರು. ದೇಶಕ್ಕಾಗಿ ಆಡಿ ಮತ್ತೆ ಮೈನರ್ ಲೀಗ್‌ಗೇ ಮರಳಿದರು. ಮೂವತ್ತರ ಹೊಸ್ತಿಲಲ್ಲಿರುವ ಇನ್‌ಫೀಲ್ಡರ್‌ಗೆ ಸಾಮಾನ್ಯವಾಗಿ ಅದೇ ಕೊನೆ.

2019ರಲ್ಲಿ ಜೈಂಟ್ಸ್ ಮೈನರ್ ಲೀಗ್ ಒಪ್ಪಂದದ ಮೇಲೆ ತೆಗೆದುಕೊಂಡು, ಮೇ ತಿಂಗಳಲ್ಲಿ ತನ್ನ ಮೈನರ್ ಲೀಗ್ ತಂಡವಾದ ಸ್ಯಾಕ್ರಮೆಂಟೊದಿಂದ ಕರೆಸಿಕೊಂಡಿತು. ಆ ವರ್ಷ ಬ್ಯಾಟಿಂಗ್ ಸರಾಸರಿ .330. ಅಂದರೆ ನೂರಕ್ಕೆ ಮೂವತ್ತಮೂರು ಸಲ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು). ಮೂವತ್ತು ದಾಟಿದರೇ ದೊಡ್ಡ ಮಾತು. ಕೋವಿಡ್‌ನಿಂದ 60 ಪಂದ್ಯಗಳಿಗೆ ಇಳಿದ 2020ರಲ್ಲೂ .326, ಜೊತೆಗೆ ಆಯಾ ಸ್ಥಾನದ ಅತ್ಯುತ್ತಮ ಬ್ಯಾಟರ್‌ಗೆ ಕೊಡುವ ಸಿಲ್ವರ್ ಸ್ಲಗ್ಗರ್ ಪ್ರಶಸ್ತಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಎರಡನೇ ಬೇಸ್‌ಗೆ. ಚೆಂಡನ್ನು ಮೈದಾನದಾಚೆ ಅಟ್ಟುವ ದೊಡ್ಡ ಹೋಮ್ ರನ್‌ಗಳ ಆಟಗಾರರಲ್ಲ ಅವರು. ಚೆಂಡನ್ನು ತಡವಾಗಿ ಆಡಿ, ಬಲಗಡೆಯ ಖಾಲಿ ಜಾಗಕ್ಕೆ ನೇರವಾಗಿ ಬಾರಿಸುತ್ತಾರೆ. ಅಭಿಮಾನಿಗಳು ಪ್ರೀತಿಯಿಂದ ‘ಡಾನಿ ಬ್ಯಾರೆಲ್ಸ್’ (ಬ್ಯಾರೆಲ್ ಅಂದರೆ ಬ್ಯಾಟಿನ ದಪ್ಪ ಭಾಗ) ಎಂದು ಕರೆದದ್ದು ಆಗಲೇ.

ಆಮೇಲೆ ರೆಡ್ಸ್, ಟ್ವಿನ್ಸ್, ಪ್ಯಾಡ್ರೆಸ್ ಎಂದು ವರ್ಷಕ್ಕೊಂದು ತಂಡ. 2024ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಮತ್ತೊಮ್ಮೆ ಮೈನರ್ ಲೀಗ್ ಒಪ್ಪಂದದಿಂದಲೇ ಶುರು ಮಾಡಿ ಪ್ಯಾಡ್ರೆಸ್ ತಂಡದೊಳಗೆ ಜಾಗ ಗಿಟ್ಟಿಸಿಕೊಂಡರು.