ಹೇಗೂ ಬಿದ್ದೋಗೋ ಹಲ್ಲು ಅಂತ ಬಿಟ್ಬಿಡಬಹುದಾ?

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ಮೇಲಿನ ಮುಂದಿನ ಹಲ್ಲಲ್ಲಿ ವಸಡಿನ ಹತ್ರ ಸುಣ್ಣ ಬಳಿದಂಗೆ ಬಿಳಿ ಗೆರೆ ಬಂದಿದೆ, ಒಂದು ಹಲ್ಲಲ್ಲಿ ಕಂದು ಬಣ್ಣದ ಚಿಕ್ಕ ತೂತು. ರಾತ್ರಿ ಬಾಟ್ಲಿ ಹಾಲು ಕುಡೀತಾ ಕುಡೀತಾನೇ ಮಲ್ಗೋದು. ಡಾಕ್ಟರ್ ಒಂದು ಔಷಧಿ ಹಚ್ತೀನಿ, ಹುಳುಕು ಇರೋ ಕಡೆ ಕಪ್ಪಾಗುತ್ತೆ ಅಂದ್ರು. ನಮ್ಮತ್ತೆ "ಹೆಣ್ಮಗು ಹಲ್ಲು ಕಪ್ಪು ಮಾಡಿಸ್ತೀಯಾ, ಹೇಗೂ ಬಿದ್ದೋಗೋ ಹಲ್ಲು ತಾನೇ" ಅಂತಾರೆ. ಏನ್ ಮಾಡ್ಲಿ?

ಉತ್ತರ: ಬೀಳೋದು ನಿಜ, ಆದ್ರೆ ಯಾವಾಗ? ಮುಂದಿನ ಹಲ್ಲು ಆರೇಳು ವರ್ಷಕ್ಕೆ, ಹಿಂದಿನ ದವಡೆ ಹಲ್ಲು ಹತ್ತರಿಂದ ಹನ್ನೆರಡಕ್ಕೆ. ಅಲ್ಲೀವರೆಗೂ ಮಗು ಅಗಿಬೇಕಲ್ವಾ. ಹಾಲುಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಪದರ) ತೆಳು, ಹುಳುಕು ಬೇಗ ಒಳಗಿನ ನರಕ್ಕೆ ಮುಟ್ಟುತ್ತೆ, ಆಮೇಲೆ ಕೀವಾದ್ರೆ ಕೆಳಗೆ ಬೆಳೀತಿರೋ ಪರ್ಮನೆಂಟ್ ಹಲ್ಲಿಗೂ ಏಟು ಬೀಳಬಹುದು.

ಬಿಳಿ ಗೆರೆ ಇನ್ನೂ ತೂತಾಗಿಲ್ಲ, ಅದು ವಾಪಸ್ ಗಟ್ಟಿಯಾಗೋ ಹಂತ. ಅದಕ್ಕೆ ಡ್ರಿಲ್ಲೂ ಬೇಡ ಇಂಜೆಕ್ಷನ್ನೂ ಬೇಡ, ಫ್ಲೋರೈಡ್ ವಾರ್ನಿಶ್ ಅಂತ ಹಲ್ಲು ಗಟ್ಟಿ ಮಾಡೋ ಲೇಪ ಬ್ರಶ್‌ನಲ್ಲಿ ಹಚ್ತಾರೆ, ಎರಡು ನಿಮಿಷದ ಕೆಲಸ, ಮೂರರಿಂದ ಆರು ತಿಂಗಳಿಗೊಂದ್ಸಲ. ತೂತಾಗಿರೋದಕ್ಕೆ ನಿಮ್ಮ ಡಾಕ್ಟರ್ ಹೇಳಿದ್ದು ಸಿಲ್ವರ್ ಡೈಅಮೀನ್ ಫ್ಲೋರೈಡ್ ಇರ್ಬೇಕು, ಅದ್ರಲ್ಲಿರೋ ಬೆಳ್ಳಿ ಬ್ಯಾಕ್ಟೀರಿಯಾ ಸಾಯ್ಸುತ್ತೆ, ಫ್ಲೋರೈಡ್ ಹಲ್ಲು ಗಟ್ಟಿ ಮಾಡುತ್ತೆ. ಕಪ್ಪಾಗೋದು ಹುಳುಕಿನ ಜಾಗ ಮಾತ್ರ, ಚೆನ್ನಾಗಿರೋ ಎನಾಮಲ್ ಅಲ್ಲ. ಒಂದ್ಸಲ ಹಚ್ಚಿ ಮರೆಯೋದಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ಹಚ್ತಾರೆ. ಈ ವಯಸ್ಸಲ್ಲಿ ಮಗೂನ ಅನಸ್ತೇಶಿಯಾ ಕೊಟ್ಟು ಮಲಗಿಸಿ ಟ್ರೀಟ್‌ಮೆಂಟ್ ಮಾಡೋದಕ್ಕಿಂತ ಒಂದು ಕಪ್ಪು ಚುಕ್ಕೆ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅತ್ತೆಗೆ ಅಷ್ಟೂ ಬೇಜಾರಾದ್ರೆ ಮೇಲೆ ಬಿಳಿ ಫಿಲ್ಲಿಂಗ್ ಹಾಕ್ಸಬಹುದು ಅಂತ ಹೇಳಿ, ಆದ್ರೂ ಸ್ವಲ್ಪ ಕಪ್ಪು ಇಣುಕ್ಬಹುದು.

ಏನೇ ಹಚ್ಚಿದ್ರೂ ರಾತ್ರಿ ಬಾಟ್ಲಿ ನಿಲ್ಲದೆ ಪ್ರಯೋಜನ ಇಲ್ಲ. ನಿದ್ದೇಲಿ ಜೊಲ್ಲು ಕಮ್ಮಿ, ಹಾಲು ಮೇಲಿನ ಹಲ್ಲಿನ ಸುತ್ತ ಹಂಗೇ ನಿಂತಿರುತ್ತೆ (ಕೆಳಗಿನ ಮುಂದಿನ ಹಲ್ಲನ್ನ ನಾಲಿಗೆ ಕಾಯುತ್ತೆ, ಅದಕ್ಕೇ ಅವು ಚೆನ್ನಾಗಿರ್ತವೆ). ಒಂದೇ ದಿನ ಕಿತ್ಕೊಂಡ್ರೆ ಮನೆಯೆಲ್ಲಾ ಜಾಗರಣೆ, ಅದಕ್ಕೆ ದಿನಾ ಹಾಲಿಗೆ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡ್ತಾ ಹೋಗಿ, ಕೊನೆಗೆ ಬರೀ ನೀರು. ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಹಾಕ್ತೀವಿ ಅಂತಾರೆ ಕೆಲವ್ರು, ಹಲ್ಲಿಗೆ ಎಲ್ಲಾ ಒಂದೇ ರೀ.

ಬ್ರಶ್ ನೀವೇ ಮಾಡ್ಸಿ, ಮಗು ತಲೆ ನಿಮ್ಮ ತೊಡೆ ಮೇಲೆ ಮಲಗಿಸ್ಕೊಂಡು ಮೇಲ್ತುಟಿ ಎತ್ತಿ, ವಸಡಿನ ಗೆರೆವರೆಗೂ. ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಅಂತ ಬರೆದಿರೋ ಪೇಸ್ಟು, ಒಂದು ಅಕ್ಕಿ ಕಾಳಿನಷ್ಟು ಸಾಕು, ಮೂರು ವರ್ಷ ತುಂಬಿದ್ಮೇಲೆ ಬಟಾಣಿಯಷ್ಟು. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರು ಕುಡಿಯೋರಾದ್ರೆ ಡಾಕ್ಟರಿಗೆ ಅದನ್ನೂ ಹೇಳಿ, ಅಲ್ಲಿ ಎಷ್ಟೋ ಕಡೆ ನೀರಲ್ಲೇ ಫ್ಲೋರೈಡ್ ಜಾಸ್ತಿ.

ವಸಡಿನ ಮೇಲೆ ಗುಳ್ಳೆ ಬಂದ್ರೆ, ರಾತ್ರಿ ನೋವಿಂದ ಎದ್ದು ಅತ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯ್ಬೇಡಿ. ಮುಖ ಊದಿಕೊಂಡು ಜ್ವರಾನೂ ಇದ್ರೆ ಅವತ್ತೇ ಕರ್ಕೊಂಡು ಹೋಗಿ.