ಎಪಿಗೆ ದೀಪ ಉರಿಯುತ್ತದೆ, ಕಂಟ್ರೋಲರ್‌ಗೆ ಮಾತ್ರ ಕಾಣುವುದಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ವೈಫೈ ಆಕ್ಸೆಸ್ ಪಾಯಿಂಟ್ (ಎಪಿ) ಮತ್ತು ಅವನ್ನೆಲ್ಲ ಒಂದೆಡೆಯಿಂದ ನಡೆಸುವ ಕಂಟ್ರೋಲರ್ ನಡುವಿನ ಮಾತುಕತೆ ಕೆಟ್ಟಾಗ ಏನು ಮಾಡಬೇಕೆಂದು ಕಾಲೇಜು, ಆಸ್ಪತ್ರೆ, ಹೋಂಸ್ಟೇಗಳ ನೆಟ್‌ವರ್ಕ್ ನೋಡಿಕೊಳ್ಳುವವರು ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರ.

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಹೊಸ ಬ್ಲಾಕಿಗೆ ಹನ್ನೆರಡು ಎಪಿ ಹಾಕಿಸಿದ್ದೇವೆ. ಹಳೇ ಬ್ಲಾಕಿನವು ಕಂಟ್ರೋಲರ್‌ನಲ್ಲಿ ಸರಿಯಾಗಿ ಕಾಣುತ್ತವೆ. ಹೊಸವಕ್ಕೆ ಕರೆಂಟ್ ಇದೆ, ಐಪಿ ವಿಳಾಸವೂ ಸಿಕ್ಕಿದೆ, ಕಂಟ್ರೋಲರ್‌ನಿಂದ ಪಿಂಗ್ ಕೂಡ ಆಗುತ್ತದೆ. ಆದರೆ ಒಂದೂ ಜಾಯಿನ್ ಆಗುತ್ತಿಲ್ಲ. ಹೊಸ ಬ್ಲಾಕಿಗೆ ಬೇರೆ ವಿಲ್ಯಾನ್ ಮಾಡಿದ್ದೇವೆ. ಎಪಿಗಳೇ ದೋಷಪೂರಿತ ಇರಬಹುದೆ? — ಹಾಸನದ ಓದುಗರು

ಹನ್ನೆರಡೂ ಒಟ್ಟಿಗೆ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಕಾರಣ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲಿನ ವಾಕ್ಯದಲ್ಲಿದೆ: ಬೇರೆ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಪ್ರತ್ಯೇಕ ನೆಟ್‌ವರ್ಕ್).

ಎಪಿ ಮೊದಲ ಸಲ ಎದ್ದಾಗ ಅದಕ್ಕೆ ಕಂಟ್ರೋಲರ್ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಡಿಎಚ್‌ಸಿಪಿಯಿಂದ (ಐಪಿ ವಿಳಾಸ ಹಂಚುವ ಸೇವೆ) ಐಪಿ ಪಡೆದ ತಕ್ಷಣ 'ಇಲ್ಲಿ ಯಾರಾದರೂ ಕಂಟ್ರೋಲರ್ ಇದ್ದೀರಾ' ಎಂಬ ಡಿಸ್ಕವರಿ ರಿಕ್ವೆಸ್ಟನ್ನು ತನ್ನ ಸಬ್‌ನೆಟ್ಟಿಗೆಲ್ಲ ಬ್ರಾಡ್‌ಕಾಸ್ಟ್ ಮಾಡುತ್ತದೆ. ಹಳೇ ಬ್ಲಾಕಿನ ಎಪಿಗಳೂ ಕಂಟ್ರೋಲರೂ ಒಂದೇ ವಿಲ್ಯಾನ್‌ನಲ್ಲಿದ್ದುದರಿಂದ ಆ ಕೂಗು ಕೇಳಿಸಿತು. ಹೊಸ ಬ್ಲಾಕಿನ ಕೂಗು ರೂಟರ್ ದಾಟುವುದಿಲ್ಲ, ಬ್ರಾಡ್‌ಕಾಸ್ಟನ್ನು ರೂಟರ್ ಅಲ್ಲೇ ಕೈಬಿಡುತ್ತದೆ. ಪಿಂಗ್ ಆಗುವುದು ದಾರಿ ಇದೆಯೆಂದಷ್ಟೇ ಹೇಳುತ್ತದೆ. ಎಪಿಗೆ ವಿಳಾಸ ಗೊತ್ತಾಗಿದೆ ಎಂದಲ್ಲ, ಎಪಿ-ಕಂಟ್ರೋಲರ್ ಮಾತುಕತೆಗೆ ಬೇಕಾದ ಯುಡಿಪಿ ಪೋರ್ಟ್ ತೆರೆದಿದೆ ಎಂದೂ ಅಲ್ಲ.

ವಿಳಾಸ ತಿಳಿಸಲು ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಡಿಎಚ್‌ಸಿಪಿ ಆಪ್ಶನ್ 43, ಅಂದರೆ ಐಪಿ ಕೊಡುವಾಗ ಜೊತೆಗೆ ಕಳಿಸುವ ಹೆಚ್ಚುವರಿ ಮಾಹಿತಿ. ಸಿಸ್ಕೋ ಎಪಿಗಳಿಗೆ ಇದನ್ನು ಹೆಕ್ಸ್ (16ರ ಆಧಾರದ ಸಂಖ್ಯೆ) ರೂಪದಲ್ಲಿ ಬರೆಯಬೇಕು. ಮೊದಲು ಎಫ್1, ಆಮೇಲೆ ಉದ್ದ (ಒಂದು ಕಂಟ್ರೋಲರ್‌ಗೆ 4 ಬೈಟ್), ಆಮೇಲೆ ಕಂಟ್ರೋಲರ್‌ನ ಐಪಿ. ಕಂಟ್ರೋಲರ್ 10.20.0.5 ಆದರೆ ಬರೆಯುವುದು ಹೀಗೆ: ಎಫ್1 04 0ಎ 14 00 05. ಎರಡನೇ ಕಂಟ್ರೋಲರ್ 10.20.0.6 ಇದ್ದರೆ ಉದ್ದ 08 ಆಗುತ್ತದೆ: ಎಫ್1 08 0ಎ 14 00 05 0ಎ 14 00 06. (ಎಫ್, ಎ ಎಂದಿರುವ ಕಡೆ ಇಂಗ್ಲಿಷ್ ಅಕ್ಷರ ಟೈಪ್ ಮಾಡಿ, ನಡುವೆ ಜಾಗ ಬಿಡಬೇಡಿ.) ಇಲ್ಲಿ ಮೂರು ತಪ್ಪುಗಳು ಪದೇಪದೇ ಆಗುತ್ತವೆ. ಐಪಿಯನ್ನು ಹೆಕ್ಸ್ ಬದಲು ಚುಕ್ಕೆ ಹಾಕಿದ ಅಕ್ಷರಸಾಲಾಗಿಯೇ ಬರೆಯುವುದು, ಎರಡನೇ ಕಂಟ್ರೋಲರ್ ಸೇರಿಸಿ ಉದ್ದವನ್ನು 04 ಎಂದೇ ಬಿಡುವುದು, ಕಂಟ್ರೋಲರ್‌ನ ಮ್ಯಾನೇಜ್‌ಮೆಂಟ್ ವಿಳಾಸದ ಬದಲು ಸರ್ವಿಸ್ ಪೋರ್ಟಿನ (ನಿರ್ವಾಹಕರ ಲಾಗಿನ್‌ಗೆಂದೇ ಇರುವ ಬೇರೆ ಪೋರ್ಟ್) ವಿಳಾಸ ಕೊಡುವುದು. ಈ ಮೂರನೆಯದನ್ನು ಹುಡುಕಲು ಅತಿ ಹೆಚ್ಚು ಹೊತ್ತು ಹೋಗುತ್ತದೆ, ಏಕೆಂದರೆ ಆ ವಿಳಾಸದಲ್ಲಿ ಲಾಗಿನ್ ಆಗುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಬೇರೆ ಕೆಲವು ಬ್ರಾಂಡ್‌ಗಳು ಮಾನಕದಲ್ಲೇ ಇರುವ ಆಪ್ಶನ್ 138 ಓದುತ್ತವೆ. ಅದರಲ್ಲಿ ಎಫ್1, ಉದ್ದ ಏನೂ ಬೇಡ, ಐಪಿ ಮಾತ್ರ ಸಾಕು.

ಎರಡನೆಯ ದಾರಿ ಡಿಎನ್‌ಎಸ್ (ಹೆಸರು ಕೇಳಿ ಐಪಿ ಹೇಳುವ ಸೇವೆ). 'ಸಿಸ್ಕೋ-ಕ್ಯಾಪ್‌ವ್ಯಾಪ್-ಕಂಟ್ರೋಲರ್' ಎಂಬ ಹೆಸರಿಗೆ ನಿಮ್ಮ ಡೊಮೇನ್ ಜೋಡಿಸಿ, ಇಂಗ್ಲಿಷ್‌ನಲ್ಲಿ, ಕಂಟ್ರೋಲರ್‌ನ ಐಪಿ ತೋರಿಸುವ ಎ ರೆಕಾರ್ಡ್ (ಹೆಸರಿಗೆ ಐಪಿ ಹೊಂದಿಸುವ ನಮೂದು) ಮಾಡಿ. ಆದರೆ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ಸರ್ವರ್ ಜೊತೆಗೆ ಡೊಮೇನ್ ಹೆಸರನ್ನೂ (ಆಪ್ಶನ್ 15) ಕೊಟ್ಟಿರಬೇಕು. ಅದಿಲ್ಲದಿದ್ದರೆ ಎಪಿ ಯಾವ ಡೊಮೇನ್ ಜೋಡಿಸಿ ಕೇಳಬೇಕು?

ನಿಮ್ಮಂಥ ಕ್ಯಾಂಪಸ್ಸಿಗೆ ಆಪ್ಶನ್ 43 ಸಾಕು. ಹಾಕಿದ ಮೇಲೆ ಒಂದು ಎಪಿಯ ಪೋರ್ಟ್ ಮಾತ್ರ ಆಫ್ ಮಾಡಿ ಆನ್ ಮಾಡಿ ನೋಡಿ. ಹನ್ನೆರಡನ್ನೂ ಒಟ್ಟಿಗೆ ರೀಬೂಟ್ ಮಾಡಬೇಡಿ, ಲಾಗ್ ಓದಲಾಗುವುದಿಲ್ಲ. ನಡುವೆ ಫೈರ್‌ವಾಲ್ ಇದ್ದರೆ ಯುಡಿಪಿ 5246 (ಕಂಟ್ರೋಲ್ ಮಾತುಕತೆ) ಮತ್ತು 5247 (ಬಳಕೆದಾರರ ಡೇಟಾ) ಎರಡೂ ಪೋರ್ಟ್‌ಗಳು ಹೋಗುವ, ಬರುವ ಎರಡೂ ದಿಕ್ಕಿಗೆ ತೆರೆದಿರಬೇಕು. 5246 ಮಾತ್ರ ತೆರೆದರೆ ಎಪಿ ಜಾಯಿನ್ ಶುರುಮಾಡಿದಂತೆ ಕಾಣುತ್ತದೆ, ಕಾನ್ಫಿಗರೇಶನ್ ಕೂಡ ಪಡೆಯುತ್ತದೆ, ಡೇಟಾ ಚಾನೆಲ್ ತಪಾಸಣೆಯ ಹಂತಕ್ಕೆ ಬಂದು ಬಿದ್ದುಹೋಗುತ್ತದೆ.

ಕ್ಯಾಪ್‌ವ್ಯಾಪ್ ಎಂಬ ಈ ಶಿಷ್ಟಾಚಾರದಲ್ಲಿ (ಮಾನಕ 2009ರಲ್ಲಿ ಆರ್‌ಎಫ್‌ಸಿ 5415 ಎಂದು ಬಂತು) ಹಂತಗಳ ಕ್ರಮ ಹೀಗೆ: ಡಿಸ್ಕವರಿ, ಡಿಟಿಎಲ್‌ಎಸ್ ಗೂಢಲಿಪೀಕರಣ, ಜಾಯಿನ್, ಸಾಫ್ಟ್‌ವೇರ್ ಇಮೇಜ್, ಕಾನ್ಫಿಗರೇಶನ್, ಡೇಟಾ ಚೆಕ್, ರನ್. ಎಪಿಯ ಕನ್ಸೋಲ್ ಲಾಗ್‌ನಲ್ಲಿ ಯಾವ ಹಂತದ ಹೆಸರು ಕೊನೆಗೆ ಬಂದಿದೆಯೋ ಅದನ್ನು ಗುರುತುಹಾಕಿಕೊಳ್ಳಿ. ಮುಂದಿನ ಪ್ರಶ್ನೆಗಳಲ್ಲೂ ಅದೇ ನಮಗೆ ದಾರಿ ತೋರಿಸುತ್ತದೆ. ಒಂದು ವಿಷಯಕ್ಕೆ ಗಾಬರಿಯಾಗಬೇಡಿ: ಎಪಿಯ ಸಾಫ್ಟ್‌ವೇರ್ ಆವೃತ್ತಿ ಕಂಟ್ರೋಲರ್‌ಗಿಂತ ಬೇರೆಯಿದ್ದರೆ ಅದು ಕಂಟ್ರೋಲರ್‌ನಿಂದಲೇ ಇಮೇಜ್ ಇಳಿಸಿಕೊಂಡು ರೀಬೂಟ್ ಆಗಿ ಮತ್ತೆ ಡಿಸ್ಕವರಿಯಿಂದ ಶುರುಮಾಡುತ್ತದೆ. ಒಂದು ಸಲ ಹಾಗಾಗುವುದು ಸಹಜ. ಮೂರನೇ ಸಲವೂ ಹಾಗೇ ಆದರೆ ಇಮೇಜ್ ಪೂರ್ತಿ ಇಳಿಯುತ್ತಿಲ್ಲ ಎಂದರ್ಥ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಎಲ್ಲ ಎಪಿಗಳೂ ಚೆನ್ನಾಗಿದ್ದವು. ಮೊನ್ನೆ ರಾತ್ರಿ ಯುಪಿಎಸ್ ಕೈಕೊಟ್ಟು ಎಲ್ಲವೂ ಆಫ್ ಆದವು. ಕರೆಂಟ್ ಬಂದ ಮೇಲೆ ಒಂದೇ ಒಂದು ಎಪಿಯೂ ಜಾಯಿನ್ ಆಗಲಿಲ್ಲ. ಯಾರೂ ಏನೂ ಬದಲಾಯಿಸಿಲ್ಲ. ಲಾಗ್‌ನಲ್ಲಿ ಡಿಟಿಎಲ್‌ಎಸ್, ಸರ್ಟಿಫಿಕೇಟ್ ಎಂಬ ಪದಗಳಿವೆ. — ಹುಬ್ಬಳ್ಳಿಯ ಓದುಗರು

ಮೊದಲು ಕಂಟ್ರೋಲರ್‌ನ ಗಡಿಯಾರ ನೋಡಿ. ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣ ಸಿಕ್ಕಿತು.

ಡಿಟಿಎಲ್‌ಎಸ್ ಹಂತದಲ್ಲಿ ಎಪಿಯೂ ಕಂಟ್ರೋಲರೂ ಪರಸ್ಪರ ಸರ್ಟಿಫಿಕೇಟ್ ತೋರಿಸಿಕೊಳ್ಳುತ್ತವೆ. ಪ್ರತಿ ಸರ್ಟಿಫಿಕೇಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ 2000ನೇ ಇಸವಿ ಎಂದರೆ, ಆಗಿನ್ನೂ ಹುಟ್ಟದ ಸರ್ಟಿಫಿಕೇಟ್ ಅಮಾನ್ಯವಾಗುತ್ತದೆ. ಒಳಗಿನ ಬ್ಯಾಟರಿ ಮುಗಿದ ಕಂಟ್ರೋಲರ್, ಎನ್‌ಟಿಪಿ (ಸರಿಯಾದ ಸಮಯ ಹೇಳುವ) ಸರ್ವರ್‌ಗಿಂತ ಮೊದಲೇ ಎದ್ದ ಕಂಟ್ರೋಲರ್, ತಪ್ಪು ಗಡಿಯಾರದ ಸರ್ವರ್ ಮೇಲೆ ಓಡುವ ವರ್ಚುಯಲ್ ಕಂಟ್ರೋಲರ್, ಮೂರರಲ್ಲೂ ಇದೇ ತೊಂದರೆ.

ಗಡಿಯಾರ ಸರಿಯಿದ್ದೂ ಹೀಗಾದರೆ ಎಪಿಗಳ ವಯಸ್ಸು ನೋಡಿ. ಅನೇಕ ಎಪಿಗಳಲ್ಲಿ ಕಾರ್ಖಾನೆಯಲ್ಲಿ ಹಾಕಿದ ಸರ್ಟಿಫಿಕೇಟಿನ ಆಯುಷ್ಯ 10 ವರ್ಷ. ಅದು ಮುಗಿದ ದಿನ ಏನೂ ಆಗುವುದಿಲ್ಲ, ಏಕೆಂದರೆ ಸರ್ಟಿಫಿಕೇಟನ್ನು ಹೊಸ ಸಂಪರ್ಕ ಕಟ್ಟುವಾಗ ಮಾತ್ರ ಪರೀಕ್ಷಿಸಲಾಗುತ್ತದೆ. ಒಮ್ಮೆ ಕಟ್ಟಿದ ಸಂಪರ್ಕ ತಿಂಗಳುಗಟ್ಟಲೆ ನಡೆಯಬಹುದು. ಯುಪಿಎಸ್ ಕೈಕೊಟ್ಟ ರಾತ್ರಿ ಎಲ್ಲವೂ ಒಮ್ಮೆಗೇ ಹೊಸದಾಗಿ ಕಟ್ಟಲು ಹೊರಟವು, ಎಲ್ಲವೂ ಒಮ್ಮೆಗೇ ಬಿದ್ದವು. 'ಯಾರೂ ಏನೂ ಬದಲಾಯಿಸಿಲ್ಲ' ಎಂಬ ನಿಮ್ಮ ಮಾತು ನಿಜ. ಬದಲಾದದ್ದು ತಾರೀಖು ಒಂದೇ.

ಮಾಡಬೇಕಾದ ಕ್ರಮ: ಎನ್‌ಟಿಪಿ ಸರ್ವರ್ ವಿಳಾಸ ಹಾಕಿ, ಯುಡಿಪಿ 123 ತೆರೆದಿದೆಯೇ ನೋಡಿ, ಕಂಟ್ರೋಲರ್‌ನ ಸಮಯ ನಿಜಕ್ಕೂ ಸರಿಯಾಗಿದೆಯೆಂದು ಕಣ್ಣಾರೆ ನೋಡಿದ ಮೇಲಷ್ಟೇ ಎಪಿಗಳನ್ನು ರೀಬೂಟ್ ಮಾಡಿ. ಸರ್ಟಿಫಿಕೇಟಿನ ಅವಧಿಯೇ ಮುಗಿದಿದ್ದರೆ, ಅವಧಿ ಮೀರಿದ್ದನ್ನು ಕಡೆಗಣಿಸುವ ಸೆಟ್ಟಿಂಗ್ ಕೆಲವು ಕಂಟ್ರೋಲರ್‌ಗಳಲ್ಲಿದೆ, ಅದನ್ನು ಆನ್ ಮಾಡಬಹುದು. ವಾರ್ಡುಗಳಲ್ಲಿ ವೈಫೈ ಬೇಕೇ ಬೇಕಾದಾಗ ಅದು ತಕ್ಷಣದ ಪರಿಹಾರ. ಆದರೆ ಹತ್ತು ವರ್ಷ ದಾಟಿದ ಎಪಿಗಳನ್ನು ಬದಲಿಸಲು ಈಗಲೇ ಹಣ ಕೇಳಿ.

ಪ್ರಶ್ನೆ: ಕಂಟ್ರೋಲರ್ ಆಫ್ ಆದರೆ ವೈಫೈ ಪೂರ್ತಿ ನಿಲ್ಲುತ್ತದೆಯೆ? — ತುಮಕೂರಿನ ಓದುಗರು

ಡೇಟಾ ಎಲ್ಲಿಂದ ಹೊರಹೋಗುತ್ತದೆ ಎಂಬುದನ್ನು ಅವಲಂಬಿಸಿದೆ. ಸೆಂಟ್ರಲ್ ಸ್ವಿಚಿಂಗ್‌ನಲ್ಲಿ ಬೀಕನ್ (ವೈಫೈ ಇದೆಯೆಂಬ ಸಾರಣೆ), ಎಸಿಕೆಯಂಥ (ಪ್ಯಾಕೆಟ್ ಬಂತೆಂಬ ರಸೀದಿ) ಕ್ಷಣದ ಕೆಲಸಗಳನ್ನು ಎಪಿ ಮಾಡುತ್ತದೆ, ಉಳಿದದ್ದೆಲ್ಲ ಸುರಂಗದ ಮೂಲಕ ಕಂಟ್ರೋಲರ್‌ಗೆ ಹೋಗುತ್ತದೆ. ಕಂಟ್ರೋಲರ್ ಹೋದರೆ ಎಲ್ಲವೂ ಹೋದಂತೆ. ಲೋಕಲ್ ಸ್ವಿಚಿಂಗ್‌ನಲ್ಲಿ ಡೇಟಾ ಎಪಿಯ ಸ್ವಿಚ್ ಪೋರ್ಟಿನಿಂದಲೇ ಹೊರಬೀಳುತ್ತದೆ. ಪಾಸ್‌ವರ್ಡ್ ಹಾಕುವ ಸಾಮಾನ್ಯ ಎಸ್‌ಎಸ್‌ಐಡಿ (ಫೋನಿನಲ್ಲಿ ಕಾಣುವ ವೈಫೈ ಹೆಸರು) ನಡೆಯುತ್ತಲೇ ಇರುತ್ತದೆ. ರೇಡಿಯಸ್ ಲಾಗಿನ್ (ಪ್ರತಿಯೊಬ್ಬರ ಗುರುತನ್ನು ಒಂದು ಸರ್ವರ್ ಪರೀಕ್ಷಿಸುವ ಪದ್ಧತಿ) ಇರುವುದಕ್ಕೆ ಹೊಸಬರು ಸೇರಬೇಕಾದರೆ ಎಪಿಯಿಂದ ನೇರ ರೇಡಿಯಸ್ ಸರ್ವರ್‌ಗೆ ದಾರಿ ಇರಬೇಕು. ಒಂದು ಎಚ್ಚರ: ಸೆಂಟ್ರಲ್ ಇದ್ದಾಗ ಎಪಿಯ ಪೋರ್ಟ್ ಆಕ್ಸೆಸ್ ಪೋರ್ಟ್ (ಒಂದೇ ವಿಲ್ಯಾನ್ ಸಾಗಿಸುವುದು) ಆಗಿದ್ದರೆ ಸಾಕು. ಲೋಕಲ್‌ಗೆ ಬದಲಿಸಿ ಬಳಕೆದಾರರಿಗೆ ಬೇರೆ ವಿಲ್ಯಾನ್ ಕೊಡುವುದಾದರೆ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವುದು) ಮಾಡಿ, ಎಪಿಯ ವಿಲ್ಯಾನನ್ನು ನೇಟಿವ್ (ಗುರುತುಪಟ್ಟಿಯಿಲ್ಲದೆ ಸಾಗುವುದು) ಇಡಿ. ಅದನ್ನು ಮರೆತರೆ ಫೋನು ಕನೆಕ್ಟ್ ಆಗುತ್ತದೆ, ಐಪಿ ಮಾತ್ರ ಬರುವುದಿಲ್ಲ.

ಪ್ರಶ್ನೆ: ಮುಖ್ಯ ಕಚೇರಿ ಮೈಸೂರಿನಲ್ಲಿ, ಶಾಖೆ ಮಡಿಕೇರಿಯಲ್ಲಿ. ನಡುವೆ ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್. ಶಾಖೆಯ ಎಪಿ ಕೆಲವೊಮ್ಮೆ ಡಿಟಿಎಲ್‌ಎಸ್‌ನಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಜಾಯಿನ್ ಆಗಿ ಅರ್ಧ ನಿಮಿಷ, ಒಂದು ನಿಮಿಷಕ್ಕೆ ಬಿಟ್ಟುಹೋಗುತ್ತದೆ. — ಮೈಸೂರಿನ ಓದುಗರು

ಎರಡು ಬೇರೆ ಬೇರೆ ರೋಗಗಳು ಒಟ್ಟಿಗೆ ಇರುವಂತಿದೆ, ಒಂದೊಂದಾಗಿ ನೋಡೋಣ.

ಡಿಟಿಎಲ್‌ಎಸ್‌ನಲ್ಲಿ ನಿಲ್ಲುವುದು ಸಾಮಾನ್ಯವಾಗಿ ಎಂಟಿಯು (ಒಡೆಯದೆ ಹಾಯುವ ಪ್ಯಾಕೆಟ್ಟಿನ ಅತಿ ದೊಡ್ಡ ಗಾತ್ರ) ತೊಂದರೆ. ಡಿಸ್ಕವರಿ ಪ್ಯಾಕೆಟ್ ಚಿಕ್ಕದು, ಸಲೀಸಾಗಿ ಹೋಗುತ್ತದೆ. ಸರ್ಟಿಫಿಕೇಟ್ ಹೊತ್ತ ಪ್ಯಾಕೆಟ್ ದೊಡ್ಡದು. ಪಿಪಿಪಿಒಇ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಬ್ರಾಡ್‌ಬ್ಯಾಂಡ್‌ನಲ್ಲಿ 1500 ಬದಲು 1492 ಬೈಟ್ ಮಾತ್ರ ಹಾಯುತ್ತದೆ, ಅದರ ಮೇಲೆ ವಿಪಿಎನ್ ತನ್ನ ಪಾಲು ಕಿತ್ತುಕೊಳ್ಳುತ್ತದೆ. ಮಡಿಕೇರಿಯ ಒಂದು ವಿಂಡೋಸ್ ಕಂಪ್ಯೂಟರಿನಿಂದ ಕಂಟ್ರೋಲರ್‌ಗೆ, ಒಡೆಯಬಾರದು ಎಂಬ ಗುರುತಿನ (ಮೈನಸ್ ಎಫ್) ಜೊತೆ 1472 ಬೈಟ್ ಗಾತ್ರದ (ಮೈನಸ್ ಎಲ್) ಪಿಂಗ್ ಕಳಿಸಿ. ಹಾಯದಿದ್ದರೆ 1440, 1400, 1360 ಎಂದು ಇಳಿಸುತ್ತ ಹೋಗಿ. ಹಾದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ಆ ದಾರಿಯ ಎಂಟಿಯು. ಎಪಿ ತಾನೇ ದಾರಿಯ ಎಂಟಿಯು ಅಳೆದುಕೊಳ್ಳಬಲ್ಲದು, ಆದರೆ ನಡುವಿನ ಫೈರ್‌ವಾಲ್ ಐಸಿಎಂಪಿಯನ್ನು (ಪಿಂಗ್ ಮತ್ತು ದೋಷಸೂಚನೆಯ ಸಂದೇಶಗಳು) ಪೂರ್ತಿ ತಡೆದಿದ್ದರೆ ಅಥವಾ ತುಂಡಾದ ಯುಡಿಪಿಯನ್ನು ಎಸೆಯುತ್ತಿದ್ದರೆ ಅಳೆಯುವುದು ಹೇಗೆ? ಅವೆರಡನ್ನೂ ಎಪಿ ಮತ್ತು ಕಂಟ್ರೋಲರ್ ನಡುವೆ ಹಾಯಲು ಬಿಡಿ, ವಿಪಿಎನ್ ಇಂಟರ್‌ಫೇಸಿಗೆ ಸರಿಯಾದ ಎಂಟಿಯು ಬರೆಯಿರಿ. ಬಳಕೆದಾರರ ಡೇಟಾ ಸುರಂಗದಲ್ಲಿ ಹೋಗುವುದಾದರೆ ಕಂಟ್ರೋಲರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಡೇಟಾದ ಮಿತಿ) 1250 ಇಡುವುದು ರೂಢಿ. ಅದು ಬಳಕೆದಾರರ ಡೇಟಾಗೆ ಮಾತ್ರ ನೆರವಾಗುತ್ತದೆ, ಜಾಯಿನ್ ತೊಂದರೆಯನ್ನು ಬಗೆಹರಿಸುವುದಿಲ್ಲ.

ಜಾಯಿನ್ ಆಗಿ ಬಿಟ್ಟುಹೋಗುವುದಕ್ಕೆ ಫೈರ್‌ವಾಲ್‌ನ ಯುಡಿಪಿ ಟೈಮ್‌ಔಟ್ ನೋಡಿ. ಎಪಿ 30 ಸೆಕೆಂಡಿಗೊಮ್ಮೆ ಎಕೋ ಕಳಿಸಿ ಕಂಟ್ರೋಲರ್ ಬದುಕಿದೆಯೆಂದು ಖಚಿತಪಡಿಸಿಕೊಳ್ಳುತ್ತದೆ. ಉತ್ತರ ಬಾರದಿದ್ದರೆ ಕೆಲವು ಸಲ ಮತ್ತೆ ಕಳಿಸಿ, ಆಮೇಲೆ ಸಂಪರ್ಕ ಕಡಿದು ಡಿಸ್ಕವರಿಗೆ ಮರಳುತ್ತದೆ. ಫೈರ್‌ವಾಲ್ ಕೂಡ 30 ಸೆಕೆಂಡು ಸದ್ದಿಲ್ಲದ ಯುಡಿಪಿ ಸೆಶನ್ನನ್ನು ಅಳಿಸುವಂತಿದ್ದರೆ ಎಕೋ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. 5246, 5247ಕ್ಕೆ ಪ್ರತ್ಯೇಕವಾಗಿ 120 ಸೆಕೆಂಡು ಅಥವಾ ಹೆಚ್ಚು ಇಡಿ. ಇದಾದ ಮೇಲೆ ಶಾಖೆಯ ಎಪಿಗಳನ್ನು ಲೋಕಲ್ ಸ್ವಿಚಿಂಗ್‌ಗೆ ಹಾಕಿ. ಮಡಿಕೇರಿಯ ಪ್ರಿಂಟರ್‌ಗೆ ಹೋಗುವ ಫೈಲು ಮೈಸೂರಿಗೆ ಹೋಗಿ ವಾಪಸ್ ಬರಬೇಕಾಗಿಲ್ಲ.

ಮುಂದೆಂದಾದರೂ ವಿಪಿಎನ್ ತೆಗೆದು ಕಂಟ್ರೋಲರನ್ನು ನ್ಯಾಟ್ (ಖಾಸಗಿ ಐಪಿಯನ್ನು ಪಬ್ಲಿಕ್ ಐಪಿಗೆ ಬದಲಿಸುವ ವ್ಯವಸ್ಥೆ) ಹಿಂದೆ ಇಟ್ಟು ಪಬ್ಲಿಕ್ ಐಪಿ ಮೂಲಕ ಜಾಯಿನ್ ಮಾಡಿಸುವುದಾದರೆ, ಆ ಪಬ್ಲಿಕ್ ಐಪಿಯನ್ನು ಕಂಟ್ರೋಲರ್‌ನ ಮ್ಯಾನೇಜ್‌ಮೆಂಟ್ ಇಂಟರ್‌ಫೇಸಿನಲ್ಲೂ ಬರೆಯಬೇಕು. ಇಲ್ಲದಿದ್ದರೆ ಡಿಸ್ಕವರಿಯ ಉತ್ತರದೊಳಗೆ ಕಂಟ್ರೋಲರ್ ತನ್ನ ಖಾಸಗಿ ವಿಳಾಸ ಹೇಳುತ್ತದೆ, ಎಪಿ ಅದನ್ನೇ ನಂಬಿ ತಲುಪಲಾಗದ ವಿಳಾಸಕ್ಕೆ ಜಾಯಿನ್ ಕಳಿಸುತ್ತದೆ.

ಪ್ರಶ್ನೆ: ಎಪಿ ಜಾಯಿನ್ ಆಗಿದೆ, ಆದರೆ ರೇಡಿಯೋ ಡೌನ್ ಅಥವಾ ವೇಗ ತೀರಾ ಕಡಿಮೆ. — ಬಳ್ಳಾರಿಯ ಓದುಗರು

ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಬರುವ ವಿದ್ಯುತ್) ನೋಡಿ. 802.3ಎಎಫ್ ಸ್ವಿಚ್ ಪೋರ್ಟಿನಿಂದ 15.4 ವ್ಯಾಟ್ ಕೊಡುತ್ತದೆ, ಎಪಿಗೆ ತಲುಪುವುದು 12.95. 802.3ಎಟಿ ಕೊಡುವುದು 30, ತಲುಪುವುದು 25.5. ಹೆಚ್ಚು ಬೇಡುವ ಎಪಿ ಕಡಿಮೆಯಲ್ಲಿ ಎದ್ದರೂ ಆಂಟೆನಾ ಸಾಲುಗಳನ್ನೋ ರೇಡಿಯೋವನ್ನೋ ಆಫ್ ಮಾಡಿಕೊಳ್ಳುತ್ತದೆ. ಸ್ವಿಚ್‌ನ ಒಟ್ಟು ಪಿಒಇ ಬಜೆಟ್ ಕೂಡ ಕೂಡಿಸಿ ನೋಡಿ. ವಿದ್ಯುತ್ ಸರಿಯಿದ್ದರೆ ಕಂಟ್ರೋಲರ್‌ನ ಕಂಟ್ರಿ ಕೋಡ್ ಭಾರತ ಎಂದಿದೆಯೇ, ಎಪಿ ಆ ಪ್ರದೇಶಕ್ಕೆ ತಯಾರಾದದ್ದೇ ಎಂದು ತಾಳೆ ನೋಡಿ. ಹೊರದೇಶದಿಂದ ತಂದ ಎಪಿ ಹೊಂದದಿದ್ದರೆ ಜಾಯಿನ್ ಆದರೂ ರೇಡಿಯೋ ಏಳುವುದಿಲ್ಲ.

ಪ್ರಶ್ನೆ: ನಮ್ಮ ಹೋಂಸ್ಟೇಯಲ್ಲಿ ಆರು ಯೂನಿಫೈ ಎಪಿ ಇವೆ. ಕಂಟ್ರೋಲರ್ ಸಾಫ್ಟ್‌ವೇರ್ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಆಗಾಗ ಎಲ್ಲವೂ 'ಡಿಸ್ಕನೆಕ್ಟೆಡ್' ಎಂದು ತೋರಿಸುತ್ತದೆ, ಆದರೆ ಅತಿಥಿಗಳಿಗೆ ವೈಫೈ ಬರುತ್ತಲೇ ಇರುತ್ತದೆ. — ಚಿಕ್ಕಮಗಳೂರಿನ ಓದುಗರು

ಇಲ್ಲಿ ಕ್ಯಾಪ್‌ವ್ಯಾಪ್ ಇಲ್ಲ. ಯೂನಿಫೈ ಎಪಿಯೇ ಆಗಾಗ ಕಂಟ್ರೋಲರ್‌ನ ಟಿಸಿಪಿ 8080ಕ್ಕೆ ಬಂದು ತನ್ನ ಸ್ಥಿತಿ ಹೇಳಿ, ಹೊಸ ಸೆಟ್ಟಿಂಗ್ ಇದ್ದರೆ ಒಯ್ಯುತ್ತದೆ. ಇದಕ್ಕೆ ಇನ್‌ಫಾರ್ಮ್ ಎನ್ನುತ್ತಾರೆ. ಡೇಟಾ ಕಂಟ್ರೋಲರ್ ಮೂಲಕ ಹೋಗುವುದೇ ಇಲ್ಲ, ಆದ್ದರಿಂದ ಅತಿಥಿಗಳಿಗೆ ತೊಂದರೆಯಾಗಿಲ್ಲ. ಗೆಸ್ಟ್ ಲಾಗಿನ್ ಪುಟ ಇಟ್ಟಿದ್ದರೆ ಮಾತ್ರ ಅದು ನಿಲ್ಲುತ್ತಿತ್ತು.

ನಿಮ್ಮ ಲ್ಯಾಪ್‌ಟಾಪ್‌ಗೆ ಡಿಎಚ್‌ಸಿಪಿ ಹೊಸ ಐಪಿ ಕೊಟ್ಟಾಗಲೆಲ್ಲ ಎಪಿಗಳು ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡಿಯುತ್ತವೆ. ರೂಟರ್‌ನಲ್ಲಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸಿ, ವಿಂಡೋಸ್ ಫೈರ್‌ವಾಲ್‌ನಲ್ಲಿ ಟಿಸಿಪಿ 8080, ಯುಡಿಪಿ 3478 ಮತ್ತು 10001 ತೆರೆಯಿರಿ. ಆಮೇಲೂ ಬಾರದ ಎಪಿಗೆ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಲಾಗಿನ್) ಮೂಲಕ ಹೋಗಿ 'ಸೆಟ್-ಇನ್‌ಫಾರ್ಮ್' ಆಜ್ಞೆಯಲ್ಲಿ ಎಚ್‌ಟಿಟಿಪಿ, ಕಂಟ್ರೋಲರ್ ಐಪಿ, 8080, ಕೊನೆಗೆ 'ಇನ್‌ಫಾರ್ಮ್' ಎಂಬ ಪೂರ್ತಿ ವಿಳಾಸ ಕೊಡಿ. ದಿನವಿಡೀ ಆನ್ ಇರುವ ಚಿಕ್ಕ ಕಂಪ್ಯೂಟರಿಗೆ ಕಂಟ್ರೋಲರನ್ನು ವರ್ಗಾಯಿಸುವುದು ಇನ್ನೂ ಉತ್ತಮ. ವರ್ಗಾಯಿಸುವ ಮೊದಲು ಬ್ಯಾಕಪ್ ಫೈಲ್ ತೆಗೆದು ಲ್ಯಾಪ್‌ಟಾಪಿನಿಂದ ಹೊರಗೆ, ಪೆನ್‌ಡ್ರೈವಿನಲ್ಲಿ ಇಡಿ. ಬ್ಯಾಕಪ್ ಇಲ್ಲದೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಎಪಿಗಳು 'ಬೇರೆಯವರ ವಶದಲ್ಲಿದೆ' ಎನ್ನುತ್ತವೆ. ಆಗ ಒಂದೊಂದನ್ನೂ ಏಣಿ ಹತ್ತಿ ರೀಸೆಟ್ ಬಟನ್ ಸುಮಾರು 10 ಸೆಕೆಂಡು ಒತ್ತಿಹಿಡಿಯಬೇಕಾಗುತ್ತದೆ. ಬ್ಯಾಕಪ್ ಮರಳಿ ಹಾಕಿ ಹೊಸ ಕಂಪ್ಯೂಟರಿಗೆ ಹಳೇ ಐಪಿಯನ್ನೇ ಕೊಟ್ಟರೆ ಆರೂ ತಾವಾಗಿಯೇ ಬಂದು ಸೇರುತ್ತವೆ.