ಆಲಂ ಕೆಸರನ್ನು ಹೊಲಕ್ಕೆ ಹಾಕುವ ಕುರಿತ ಪ್ರಶ್ನೆಗೆ ಪ್ರತಿಕ್ರಿಯೆ

ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಆಲಂ (ನೀರಿನ ಕೊಳೆ ಗಂಟುಕಟ್ಟಿ ತಳಕ್ಕಿಳಿಯಲು ಹಾಕುವ ಅಲ್ಯೂಮಿನಿಯಂ ಲವಣ) ಬಳಸಿದ ಮೇಲೆ ತಳದಲ್ಲಿ ನಿಲ್ಲುವ ಕೆಸರನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಹುದೇ ಎಂದು ತಾವು ಕೇಳಿದ್ದೀರಿ. ಗೊಬ್ಬರವೆಂದು ಹಾಕಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಒಳಚರಂಡಿ ಕೆಸರಿನಲ್ಲಿರುವಷ್ಟು ಸಾರಜನಕವಾಗಲಿ ಸಾವಯವ ಅಂಶವಾಗಲಿ ಇದರಲ್ಲಿ ಇರುವುದಿಲ್ಲ. ಇದು ಬಹುಪಾಲು ಜೇಡಿಮಣ್ಣಿನ ಕಣಗಳೂ ಅಲ್ಯೂಮಿನಿಯಂ ಹೈಡ್ರಾಕ್ಸೈಡೂ ಸೇರಿದ ಲೋಳೆ. ಈ ಹೈಡ್ರಾಕ್ಸೈಡ್ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ಮಣ್ಣಿನಲ್ಲಿ ಈಗಾಗಲೇ ಇರುವ ರಂಜಕವೂ ಬೆಳೆಗೆ ದಕ್ಕದೆ ಹೋಗುತ್ತದೆ. ಮಣ್ಣಿನ ಪಿಎಚ್ 5ಕ್ಕಿಂತ ಕೆಳಗಿದ್ದರೆ, ಅಂದರೆ ಮಣ್ಣು ಹೆಚ್ಚು ಆಮ್ಲೀಯವಾಗಿದ್ದರೆ, ಅಲ್ಯೂಮಿನಿಯಂ ಕರಗಿ ಬೇರುಗಳಿಗೇ ವಿಷವಾಗಬಹುದು.

ರಂಜಕವನ್ನು ಹಿಡಿದಿಟ್ಟುಕೊಳ್ಳುವ ಅದೇ ಗುಣ ಬೇರೆಡೆ ಬಹಳ ಉಪಯುಕ್ತ. ಕೊಳಚೆ ನೀರಿನಿಂದ ರಂಜಕವನ್ನು ತೆಗೆಯಲು ಕಟ್ಟುವ ಕೃತಕ ಜೌಗು ಹಾಸುಗಳಲ್ಲಿ (ಗಿಡ ನೆಟ್ಟು ನೀರು ಸೋಸುವ ತಗ್ಗುಗಳಲ್ಲಿ) ಒಣಗಿದ ಆಲಂ ಕೆಸರನ್ನು ಬಳಸುತ್ತಾರೆ. ಇಟ್ಟಿಗೆ ಮಣ್ಣಿಗೆ ಬೆರೆಸುವುದೂ ಉಂಟು. ಗಂಧಕಾಮ್ಲದಿಂದ ಆಲಂ ಅನ್ನು ಮರಳಿ ಪಡೆಯಬಹುದಾದರೂ, ಜೊತೆಯಲ್ಲೇ ಸಾವಯವ ಕಲ್ಮಶವೂ ಲೋಹಗಳೂ ಕರಗಿ ಬರುವುದರಿಂದ, ಅದನ್ನು ಕುಡಿಯುವ ನೀರಿಗೆ ನೇರವಾಗಿ ಮತ್ತೆ ಬಳಸುವುದನ್ನು ನಾನು ಒಪ್ಪಲಾರೆ.

ಯಾವ ದಾರಿ ಹಿಡಿದರೂ ಮೊದಲು ಕೆಸರಿನಲ್ಲಿರುವ ನೀರನ್ನು ತೆಗೆಯಲೇಬೇಕು. ಕೆಸರು ತಳದಲ್ಲಿ ನಿಲ್ಲುವ ತೊಟ್ಟಿಯಿಂದ ಹೊರಬರುವಾಗ ಸುಮಾರು ಶೇ. 1ರಷ್ಟಿರುವ ಘನಾಂಶ, ಸೆಂಟ್ರಿಫ್ಯೂಜ್ (ಗಿರಗಿರನೆ ತಿರುಗಿಸಿ ನೀರು ಬೇರ್ಪಡಿಸುವ ಯಂತ್ರ) ಅಥವಾ ಫಿಲ್ಟರ್ ಪ್ರೆಸ್ (ಒತ್ತಿ ನೀರು ಹಿಂಡುವ ಯಂತ್ರ) ದಾಟಿದ ಮೇಲೆ ಸಾಮಾನ್ಯವಾಗಿ ಶೇ. 20ರ ಆಸುಪಾಸಿಗೆ ಏರುತ್ತದೆ. ಮೂಲ ನೀರಿನಲ್ಲಿ ವಿಷಕಾರಿ ಆರ್ಸೆನಿಕ್ ಇದ್ದಲ್ಲಿ ಅದು ಈ ಕೆಸರಿನಲ್ಲೇ ಸೇರಿಕೊಳ್ಳುವುದರಿಂದ, ಪ್ರಯೋಗಾಲಯದ ಪರೀಕ್ಷೆಯಾಗುವವರೆಗೆ ಕೆಸರನ್ನು ಘಟಕದಿಂದ ಹೊರಗೆ ಸಾಗಿಸಬೇಡಿ.